ಒಂದು ತಾರೀಕು ಬೇಡ, ಮೂವತ್ತು ವರ್ಷ ತೋರಿಸಿ

ಕಳೆದ ವರ್ಷ ಮೇ ತಿಂಗಳಲ್ಲಿ ನಮ್ಮ ಹೋಬಳಿ ಊರಿನ ಸಮುದಾಯ ಭವನದಲ್ಲಿ ಮಳೆಯಾಶ್ರಿತ ರೈತರ ಒಂದು ಸಭೆ ಇತ್ತು. ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಕಂಪ್ಯೂಟರಿನ ಚಿತ್ರ ಬಿಟ್ಟಿದ್ದರು. ಬಂದಿದ್ದ ಹುಡುಗ ಓದಿದವನು, ಮಾತೂ ಚೆನ್ನಾಗಿತ್ತು. ಕಂಪ್ಯೂಟರಿನೊಳಗೇ ಕಡಲೆಕಾಯಿ ಬೆಳೆದು ತೋರಿಸುವ ತಂತ್ರಾಂಶ ಅದು. ಬಿತ್ತುವ ದಿನ ಕೊಟ್ಟರೆ ಸಾಕು, ಗಿಡ ಎಷ್ಟು ಎತ್ತರ, ಯಾವಾಗ ಹೂವು, ಎಕರೆಗೆ ಎಷ್ಟು ಕ್ವಿಂಟಾಲ್ ಅಂತ ಗೆರೆ ಎಳೆದು ತೋರಿಸುತ್ತೆ. "ಜುಲೈ 18ಕ್ಕೆ ಬಿತ್ತಿದರೆ ಎಕರೆಗೆ 6.4 ಕ್ವಿಂಟಾಲ್" ಅಂತ ಬಂತು. ಆರು ಸರಿ, ಆ ಪಾಯಿಂಟ್ ನಾಲ್ಕು ಎಲ್ಲಿಂದ ಬಂತೋ!

ನಾನು ಎದ್ದು ನಿಂತು ಕೇಳಿದೆ. "ಸಾರ್, 2018ರಲ್ಲಿ ನನ್ನ ಹೊಲದಲ್ಲಿ ಏನಾಯ್ತು ಅಂತ ಇದು ಹೇಳುತ್ತಾ?"

"ಯಜಮಾನ್ರೇ, ಅದು ಹಿಂದಿನದ್ದು. ಇದು ಮುಂದಿನದ್ದಕ್ಕೆ" ಅಂದ. ನಾಲ್ಕು ಜನ ನಕ್ಕರು. ನಾನು ಕೂತೆ.

ಒಂದು ವರ್ಷದಿಂದ ಆ ಮಾತು ತಲೇಲಿ ಕೊರೀತಾ ಇದೆ. ಅದಕ್ಕೇ ಬರೀತಾ ಇದ್ದೀನಿ. ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಏಳನೇ ಕ್ಲಾಸು. ಕಂಪ್ಯೂಟರಿನ ಒಳಗಿನದು ನನಗೆ ಗೊತ್ತಿಲ್ಲ. ಅದರ ವಿರೋಧಿಯೂ ಅಲ್ಲ. ಆದರೆ ಅದನ್ನ ಮಾಡುವವರು ನಮಗೋಸ್ಕರ ಮಾಡ್ತೀವಿ ಅಂತಾರಲ್ಲ, ಹಾಗಾದ್ರೆ ಅದು ಹೇಗಿರಬೇಕು ಅಂತ ಹೇಳುವ ಹಕ್ಕು ನಮಗೂ ಇದೆ. ನೇಗಿಲು ಮಾಡೋ ಬಡಗಿಗೆ ಮರ ಗೊತ್ತು, ಆದ್ರೆ ಮೇಣಿ ಎಷ್ಟು ಎತ್ತರ ಇರಬೇಕು ಅಂತ ಹಿಡಿಯೋನೇ ಹೇಳಬೇಕು.

ನನ್ನ 2018

ನಮ್ಮದು ಪಾವಗಡ ತಾಲೂಕು. ವರ್ಷಕ್ಕೆ ಐನೂರು ಐನೂರೈವತ್ತು ಮಿಲಿಮೀಟರ್ ಮಳೆಯ ಸೀಮೆ. ನನಗಿರೋದು ಆರು ಎಕರೆ, ಎಲ್ಲಾ ಖುಷ್ಕಿ. 1996ರಿಂದ ಒಂದು ಪುಸ್ತಕ ಇಟ್ಟಿದ್ದೀನಿ. ಯಾವ ಮಳೆ ಎಷ್ಟು ಬಂತು, ಯಾವತ್ತು ಬಿತ್ತಿದೆ, ಎಷ್ಟು ಮೂಟೆ ಆಯ್ತು, ಇಷ್ಟೇ. ಮೊದಮೊದಲು ನೆಟ್ಟಗಿರೋ ಒಂದು ಡಬ್ಬ ಇಟ್ಟು ಸ್ಕೇಲಿನಿಂದ ಅಳೀತಿದ್ದೆ. ಆಮೇಲೆ ಮಳೆ ಮಾಪಕ ತಂದೆ.

2018ರಲ್ಲಿ ಒಂದು ಸಂಸ್ಥೆಯವರ ಸಲಹೆ ಫೋನಿಗೆ ಬರುತ್ತಿತ್ತು. ಅದೂ ಇಂಥದೇ ತಂತ್ರಾಂಶದ ಲೆಕ್ಕ ಅಂತ ಹೇಳಿದ್ದರು. "ಜುಲೈ 15ರ ನಂತರ ಬಿತ್ತನೆ ಮಾಡಿ" ಅಂತ ಒಂದೇ ಸಾಲು. ಜುಲೈ 2ನೇ ತಾರೀಕು ಆರಿದ್ರೆ ಮಳೆ ನನ್ನ ಮಾಪಕದಲ್ಲಿ 42 ಮಿಲಿಮೀಟರ್ ಬಂತು. ಪಕ್ಕದ ಹೊಲದವರು ವಾವೇಲಿ ನನಗೆ ಭಾವ ಆಗಬೇಕು. ಬೆಳಿಗ್ಗೆ ಆರಕ್ಕೇ ಬಂದು, "ಏನಪ್ಪಾ, ಕೂರಿಗೆ ಕಟ್ಟಲ್ವಾ?" ಅಂದರು. "ಇಲ್ಲ ಭಾವ, ಹದಿನೈದು ಕಳೀಲಿ ಅಂದವ್ರೆ" ಅಂದೆ. ಅವರು ಬಿತ್ತಿದರು. ನಾನು ಕಾದೆ.

ಪುನರ್ವಸು ತುಂತುರು. ಪುಷ್ಯ ಬರೀ ಗಾಳಿ. ಬಿತ್ತೋ ಹದ ಮಳೆ ಅಂತ ಬಂದಿದ್ದು ಆಗಸ್ಟ್ 14ಕ್ಕೆ, ಆಶ್ಲೇಷ ಮುಗಿಯೋ ಹೊತ್ತಿಗೆ. ಆರೂ ಎಕರೆ ಬಿತ್ತಿದೆ. ಹೂವಿನಿಂದ ಸೂಜಿ ಇಳಿದು ನೆಲ ಸೇರೋ ಹೊತ್ತಿಗೆ ಮೇಲುಮಣ್ಣು ಹೆಂಚಿನಂಗೆ ಗಟ್ಟಿ. ಸೂಜಿ ಬಗ್ಗಿ ಅಲ್ಲೇ ಒಣಗಿದವು. ಆರು ಎಕರೆಗೆ ನಾಲ್ಕು ಮೂಟೆ ಕಾಯಿ, ಒಂದಷ್ಟು ಬಳ್ಳಿ. ಭಾವನಿಗೆ ಎಕರೆಗೆ ನಾಲ್ಕು ಮೂಟೆ. ಬೀಜಕ್ಕೆ ಅಂತ ನನ್ನ ಹೆಂಡತಿ ಎರಡೆಳೆ ಸರ ಅಡ ಇಟ್ಟಿದ್ದೆ.

ಈಗ ನ್ಯಾಯವಾಗಿ ಮುಂದಿನ ವರ್ಷದ್ದೂ ಹೇಳಬೇಕು. 2019ರಲ್ಲಿ ಭಾವ ಜೂನ್ ಕೊನೆಗೇ ಬಿತ್ತಿದರು. ಆಮೇಲೆ ಒಂದು ತಿಂಗಳ ಮೇಲೆ ಹನಿ ಇಲ್ಲ. ಅಳಿಸಿ ಹುರುಳಿ ಹಾಕಿದರು. ನಾನು ಅದೇ ಸಲಹೆ ಹಿಡಿದು ಜುಲೈ ಕೊನೆಗೆ ಬಿತ್ತಿದೆ. ಎಕರೆಗೆ ಏಳು ಮೂಟೆ. ಅವರ ಹೊಲವೂ ಆರು ಎಕರೆಯೇ. ಎರಡು ವರ್ಷ ಕೂಡಿಸಿ ನೋಡಿ. ನನಗೆ 46 ಮೂಟೆ, ಅವರಿಗೆ 24. ಸಲಹೆ ಕೊಟ್ಟವರು ಈ ಲೆಕ್ಕ ನೋಡಿದರೆ ನಮ್ಮದೇ ಸರಿ ಅಂತಾರೆ. ಲೆಕ್ಕದಲ್ಲಿ ಸರಿಯೇ. ಆದರೆ 2019ರ ಕಾಯಿ ಕಣಕ್ಕೆ ಬರೋ ಹೊತ್ತಿಗೆ ಸರ ಹರಾಜಾಗಿತ್ತು. ಭಾವನ ಮನೇಲಿ ಆ ಎರಡು ವರ್ಷ ಏನೂ ಅಡಕ್ಕೆ ಹೋಗಲಿಲ್ಲ. ಮೊದಲ ವರ್ಷದ ಕಾಯಲ್ಲಿ ಎರಡನೇ ವರ್ಷ ತಳ್ಳಿದರು.

ಮೂಟೆ ಕೂಡಿಸಿ ಎರಡರಿಂದ ಭಾಗಿಸಿದರೆ ಯಾವ ವರ್ಷ ಮೊದಲು ಬಂತು ಅನ್ನೋದು ಅಳಿಸಿಹೋಗುತ್ತೆ. ಸಾಲಗಾರ ಮಾತ್ರ ಅದನ್ನ ಮರೆಯಲ್ಲ.

ಒಳಗೆ ಏನು ನಡೆಯುತ್ತೆ

ನನ್ನ ಅಣ್ಣನ ಮಗಳು ಕೃಷಿ ಬಿ.ಎಸ್ಸಿ. ಓದಿದ್ದಾಳೆ. ಆ ಸಭೆ ಆದ ಮೇಲೆ ಅವಳನ್ನ ಕೂರಿಸಿಕೊಂಡು ಕೇಳಿದೆ, "ಇದು ಹೆಂಗಮ್ಮಾ ಹೇಳುತ್ತೆ?" ಅಂತ. ಅವಳು ಹೇಳಿದ್ದು ನನಗೆ ತಿಳಿದಂತೆ ಹೀಗೆ.

ಮಣ್ಣನ್ನ ಒಂದರ ಮೇಲೊಂದು ಜೋಡಿಸಿದ ತೂತು ಮಡಕೆ ಅಂತ ಇಟ್ಟುಕೊಳ್ಳೋದು. ಮಳೆ ಬಿದ್ದರೆ ಮೇಲಿನ ಮಡಕೆ ತುಂಬುತ್ತೆ, ಹೆಚ್ಚಾದ್ದು ಕೆಳಗಿನದಕ್ಕೆ ಇಳಿಯುತ್ತೆ. ಬಿಸಿಲು ಸ್ವಲ್ಪ ಹೀರುತ್ತೆ, ಬೇರು ಸ್ವಲ್ಪ ಹೀರುತ್ತೆ. ದಿನಾ ಮಳೆ ಎಷ್ಟು, ಬಿಸಿಲು ಎಷ್ಟು, ಸೆಕೆ ಎಷ್ಟು ಅಂತ ಕೊಟ್ಟರೆ ಇವತ್ತು ಗಿಡಕ್ಕೆ ನೀರು ಸಾಕಾಯ್ತಾ ಇಲ್ಲವಾ ಅಂತ ದಿನದ ಲೆಕ್ಕ. ಸಾಕಾಗದಿದ್ದರೆ ಅವತ್ತಿನ ಬೆಳವಣಿಗೆ ಕಡಿಮೆ. ಹೀಗೆ ನೂರೈದು ನೂರಹತ್ತು ದಿನ ಕೂಡಿಸಿದರೆ ಇಳುವರಿ. ಕಡಲೆಕಾಯಿಗೆ ಇಂಥ ಲೆಕ್ಕವನ್ನ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು ಎಂಬತ್ತರ ದಶಕದಲ್ಲೇ ಮಾಡಿದ್ದರಂತೆ, ಪಿನಟ್‌ಗ್ರೋ ಅಂತ ಅದರ ಹೆಸರು. ಈಗ ಅದು ಡಿಎಸ್ಸಾಟ್ ಅನ್ನೋ ದೊಡ್ಡ ತಂತ್ರಾಂಶದ ಒಳಗಿದೆ. ಆಸ್ಟ್ರೇಲಿಯಾದವರದ್ದು ಎಪ್ಸಿಮ್ ಅಂತ ಇನ್ನೊಂದು.

ಕೇಳಿದಾಗ ನನಗೆ ಖುಷಿಯೇ ಆಯ್ತು. ಮಡಕೆ ಲೆಕ್ಕ ನಾವೂ ಮಾಡ್ತೀವಲ್ಲ. ಮಳೆ ಬಂದ ಮಾರನೇ ದಿನ ಹೊಲಕ್ಕೆ ಹೋಗಿ ಕೈಯಲ್ಲಿ ಬಗೆದು ಹಸಿ ಎಷ್ಟು ಬೆರಳು ಇಳಿದಿದೆ ಅಂತ ನೋಡೋದು ಮತ್ತೇನು?

ಇದರಲ್ಲಿ ಮುಖ್ಯವಾದ ವಿಷಯ ಅಂದರೆ ಇದು ಭವಿಷ್ಯ ಹೇಳೋ ಯಂತ್ರ ಅಲ್ಲ. ಇದು "ಹೀಗಾದರೆ ಹಾಗೆ" ಯಂತ್ರ. 1990ರ ಮಳೆಯೇ ಮತ್ತೆ ಬಂದರೆ, ನೀನು ಆರಿದ್ರೆಗೆ ಬಿತ್ತಿದರೆ ಹೀಗೆ, ಪುಷ್ಯಕ್ಕೆ ಬಿತ್ತಿದರೆ ಹಾಗೆ. 1991ರ ಮಳೆ ಬಂದರೆ ಇನ್ನೊಂದು ಥರ. ಈ ವ್ಯತ್ಯಾಸ ಸಭೆಯಲ್ಲಿ ಯಾರೂ ಹೇಳಲಿಲ್ಲ. ಯುಗಾದಿ ದಿನ ಪಂಚಾಂಗ ಓದಿ ಈ ವರ್ಷ ಇಷ್ಟು ಕೊಳಗ ಮಳೆ ಅಂತ ಹೇಳ್ತಾರಲ್ಲ, ಹಾಗೇ ಕೇಳಿಸಿಕೊಂಡು ಎದ್ದು ಬಂದೆವು. ಪಂಚಾಂಗದವರು ಪಾಯಿಂಟ್ ನಾಲ್ಕು ಹೇಳಲ್ಲ, ಅಷ್ಟೇ.

ನಮ್ಮ ಸೀಮೆಯಲ್ಲೇ ಆದ ಕೆಲಸ

ಇದು ಹೊರಗಿನಿಂದ ಬಂದ ಹೊಸ ಮಾತೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್, ಪಿ.ಆರ್. ಶೇಷಗಿರಿ ರಾವ್ ಮೊದಲಾದವರು ತೊಂಬತ್ತರ ದಶಕದಲ್ಲೇ ಅನಂತಪುರ ಪಾವಗಡ ಸೀಮೆಯ ಕಡಲೆಕಾಯಿ ಮೇಲೆ ಇದೇ ಪಿನಟ್‌ಗ್ರೋ ಇಟ್ಟು ಕೆಲಸ ಮಾಡಿದರು. ಹಳೇ ವರ್ಷಗಳ ದಿನದಿನದ ಮಳೆ ಹಾಕಿ, ಬೇರೆಬೇರೆ ದಿನ ಬಿತ್ತಿ ನೋಡಿದರು. ನಮ್ಮ ಕಡೆ ರೈತರು ಬಿತ್ತೋದು ಜೂನ್ 22ರ ಸುಮಾರಿನಿಂದ ಆಗಸ್ಟ್ ಮಧ್ಯದವರೆಗೆ, ಅಂದರೆ ಆರಿದ್ರೆಯಿಂದ ಆಶ್ಲೇಷದ ತನಕ. ಅದರಲ್ಲಿ ಮೊದಲ ಭಾಗ ಬಿಟ್ಟು ಜುಲೈ ಮಧ್ಯದ ಮೇಲೆ ಬಿತ್ತಿದರೆ ಬೆಳೆ ಪೂರ್ತಿ ಹೋಗೋ ಅಪಾಯ ಕಡಿಮೆ ಅಂತ ಅವರಿಗೆ ಕಂಡಿತು.

ಅಣ್ಣನ ಮಗಳು ಓದಿ ಹೇಳಿದಾಗ ನನಗೆ ಹಿಡಿಸಿದ್ದು ಇನ್ನೊಂದು ಮಾತು. ಕಡಲೆಕಾಯಿ ಒಂದೇ ಬೆಳೆಯಾಗಿ ಈ ಸೀಮೆಯನ್ನ ತುಂಬಿದ್ದು ಎಪ್ಪತ್ತರ ದಶಕದಿಂದ ಈಚೆಗೆ. ಹಾಗಾಗಿ ಇದಕ್ಕೆ ಹಿರಿಯರಿಂದ ಬಂದ ತಿಳುವಳಿಕೆ ಸಾಕಷ್ಟಿಲ್ಲ. ನಿಜ ಅದು. ನಮ್ಮಜ್ಜನ ಗಾದೆ ಎಲ್ಲಾ ನವಣೆ, ಸಜ್ಜೆ, ಹುರುಳಿಗೆ. ಅಕ್ಕಡಿ ಸಾಲಿನ ಬೇಸಾಯಕ್ಕೆ. ಕಡಲೆಕಾಯಿಗೆ ಅಜ್ಜ ಒಂದು ಮಾತೂ ಬಿಟ್ಟುಹೋಗಿಲ್ಲ. ಹಾಗಿರುವಾಗ ಕಂಪ್ಯೂಟರಿನಲ್ಲಿ ಮೂವತ್ತು ವರ್ಷ ಬೆಳೆದು ನೋಡೋದು ಒಳ್ಳೇದೇ. ನಿಜವಾಗಿ ಮೂವತ್ತು ಸಲ ಬಿತ್ತಿ ಸೋತು ಕಲಿಯೋಕೆ ನನಗೆ ಆಯುಸ್ಸು ಎಲ್ಲಿದೆ?

ಅಂದಮೇಲೆ ದೂರು ಏನು? ಒಳಗಿನ ಲೆಕ್ಕ ಅಲ್ಲ. ಆ ಲೆಕ್ಕ ನಮ್ಮ ಫೋನಿಗೆ ಬರೋ ಹೊತ್ತಿಗೆ ಒಂದು ತಾರೀಕು ಆಗಿಬಿಟ್ಟಿರುತ್ತೆ. ಮೂವತ್ತು ವರ್ಷದಲ್ಲಿ ಇಷ್ಟು ವರ್ಷ ಗೆಲುವು, ಇಷ್ಟು ವರ್ಷ ಸೋಲು ಅನ್ನೋದು ದಾರೀಲೇ ಉದುರಿಹೋಗಿರುತ್ತೆ. "ಹದಿನೈದರ ಮೇಲೆ ಕಾದರೆ ಹೆಚ್ಚಿನ ವರ್ಷ ಒಳ್ಳೇದು, ಆದರೆ ಕೆಲವು ವರ್ಷ ಬಿತ್ತೋ ಮಳೆಯೇ ಬರದೆ ತಡವಾಗುತ್ತೆ" ಅಂತ 2018ರಲ್ಲಿ ನನಗೆ ಒಂದು ಮಾತು ಹೇಳಿದ್ದರೆ ನಾನು ಆರಿದ್ರೆಗೆ ಎರಡು ಎಕರೆ ಬಿತ್ತಿ ನಾಲ್ಕು ಉಳಿಸಿಕೊಳ್ತಿದ್ದೆ. ಹೊಲ ನನ್ನದಲ್ವಾ, ಹಂಚಿಕೊಳ್ಳೋದು ನನಗೆ ಗೊತ್ತಿಲ್ವಾ?

ಹೇಗಿರಬೇಕು

ಮೊದಲನೇದು, ಸರಾಸರಿ ಬೇಡ. ಮೂವತ್ತು ವರ್ಷ ಇದ್ದರೆ ಮೂವತ್ತು ಗೆರೆ ಪಕ್ಕಪಕ್ಕ ನಿಲ್ಲಿಸಿ, ಉದ್ದ ಗೆರೆ ಒಳ್ಳೆ ವರ್ಷ, ಮೋಟು ಗೆರೆ ಕೆಟ್ಟ ವರ್ಷ. ಓದು ಬಾರದವರಿಗೂ ತಿಳಿಯುತ್ತೆ. ಪ್ರತಿ ಗೆರೆ ಕೆಳಗೆ ಇಸವಿ ಹಾಕಿ. ಇಸವಿ ನೋಡಿದ ಕೂಡಲೇ ನಮಗೆ ಆ ವರ್ಷ ನೆನಪಾಗುತ್ತೆ, ಯಾರ ಮದುವೆ ಆಯ್ತು, ಯಾವ ಎತ್ತು ಮಾರಿದೆವು ಅಂತ. ಆಗ ಕಂಪ್ಯೂಟರ್ ಹೇಳೋದು ಸುಳ್ಳೋ ನಿಜವೋ ಅಲ್ಲೇ ಗೊತ್ತಾಗುತ್ತೆ.

ಅದರ ಜೊತೆಗೆ ನನ್ನನ್ನ ಒಂದು ಪ್ರಶ್ನೆ ಕೇಳಬೇಕು. "ಯಜಮಾನ್ರೇ, ಎಕರೆಗೆ ಎಷ್ಟು ಮೂಟೆಗಿಂತ ಕಡಿಮೆ ಬಂದರೆ ನಿಮ್ಮ ಮನೆ ನಡೆಯಲ್ಲ?" ನನಗೆ ಮೂರು. ಸಾಲ ಇಲ್ಲದವನಿಗೆ ಒಂದೂವರೆ ಇರಬಹುದು, ಬಡ್ಡಿ ಕಟ್ಟೋನಿಗೆ ಐದು ಇರಬಹುದು. ಅಲ್ಲಿಗೆ ಒಂದು ಅಡ್ಡ ಗೆರೆ ಎಳೆಯಿರಿ. ಮೂವತ್ತರಲ್ಲಿ ಎಷ್ಟು ವರ್ಷ ಅದರ ಕೆಳಗೆ ಬಿತ್ತು, ಒಂದರ ಹಿಂದೊಂದು ಎರಡು ವರ್ಷ ಬಿದ್ದದ್ದು ಎಷ್ಟು ಸಲ, ಇದನ್ನ ಹೇಳಿ. ಒಂದು ಸೋಲು ತಡೀತೀವಿ. ಜೋಡಿ ಸೋಲು ಬಂದರೆ ಗುಳೆ ಹೋಗಬೇಕು. ಎಕರೆಗೆ 6.4 ಅನ್ನೋದಕ್ಕಿಂತ ಈ ಒಂದು ಉತ್ತರ ನನಗೆ ದೊಡ್ಡದು. ಇದಕ್ಕೆ ಹೊಸ ವಿಜ್ಞಾನವೇನೂ ಬೇಡ, ಇರೋ ಅಂಕಿಯನ್ನೇ ಬೇರೆ ಥರ ಎಣಿಸಬೇಕು ಅಷ್ಟೇ ಅಂತ ಅಣ್ಣನ ಮಗಳು ಹೇಳ್ತಾಳೆ.

ಬಳ್ಳಿಯನ್ನ ಲೆಕ್ಕಕ್ಕೆ ಹಿಡೀಬೇಕು. ಕಾಯಿ ಹೋದ ವರ್ಷ ದನ ಉಳಿದಿರೋದು ಬಳ್ಳಿಯಿಂದ.

ಇನ್ನು ಅದು ತೋರಿಸೋ ದಾರಿಗಳು ನಮ್ಮ ದಾರಿಗಳಾಗಿರಬೇಕು. ಸಭೆಯಲ್ಲಿ ತೋರಿಸಿದ್ದು ಎಲ್ಲಾ "ಜುಲೈ 1, ಜುಲೈ 10, ಜುಲೈ 18". ಇದು ನೀರಾವರಿ ಇದ್ದವನ ಪ್ರಶ್ನೆ. ನಮಗೆ ತಾರೀಕು ಆರಿಸೋ ಸ್ವಾತಂತ್ರ್ಯ ಎಲ್ಲಿದೆ? ಮಳೆ ಬಂದಾಗ ಬಿತ್ತಬೇಕು. ನನ್ನ ಪ್ರಶ್ನೆ ಇದು: ಇವತ್ತು ಆರಿದ್ರೆ 40 ಮಿಲಿಮೀಟರ್ ಬಂದಿದೆ, ಬೀಜ ಮನೇಲಿದೆ. ಈಗ ಬಿತ್ತಲಾ, ಮುಂದಿನ ಹದ ಮಳೆಗೆ ಕಾಯಲಾ? ಕಾದರೆ ಮುಂದಿನ ಹದ ಮಳೆ ಆಶ್ಲೇಷದೊಳಗೆ ಬರದೇ ಹೋದ ವರ್ಷ ಎಷ್ಟು? ಬರದಿದ್ದರೆ ಕಡಲೆಕಾಯಿ ಬಿಟ್ಟು ಹುರುಳಿಗೆ ಹೋದರೆ ಏನು ಗತಿ? ಅರ್ಧ ಈಗ ಅರ್ಧ ಆಮೇಲೆ ಅಂದರೆ? ತೊಗರಿ ಅಕ್ಕಡಿ ಹಾಕಿದರೆ? ಬಿತ್ತದೇ ಬಿಡೋದೂ ಒಂದು ದಾರಿಯೇ, ಅದನ್ನೂ ಪಟ್ಟಿಯಲ್ಲಿ ಸೇರಿಸಿ. ಬೀಜವಾದರೂ ಉಳಿಯುತ್ತಲ್ಲ. ಒಂದೂರಿಗೆ ಎರಡು ಟ್ರಾಕ್ಟರ್, ಮೂರು ಜೊತೆ ಎತ್ತು. ಮಳೆ ಬಂದ ಮೂರನೇ ದಿನಕ್ಕೆ ನನ್ನ ಸರದಿ ಬಂದರೆ ಅಷ್ಟೊತ್ತಿಗೆ ಹಸಿ ಹೋಗಿರುತ್ತೆ. ಇಂಥದನ್ನ ಬದಲಾಯಿಸಿ ನೋಡೋ ಗುಂಡಿ ಇರಬೇಕು. ಗುಂಡಿ ಕಡಿಮೆಯೇ ಇರಲಿ, ನಾಲ್ಕೈದು ಸಾಕು. ಆದರೆ ನಮ್ಮವು ಇರಲಿ.

ಮಳೆ ಹೆಸರಲ್ಲೇ ಕೇಳಿ. ನಮ್ಮೂರಲ್ಲಿ ಅರವತ್ತು ದಾಟಿದವರಿಗೆ ಜುಲೈ 20 ಅಂದರೆ ಸಂಬಳದ ದಿನದ ಥರ ಕೇಳಿಸುತ್ತೆ, ಪುಷ್ಯ ಅಂದರೆ ಹೊಲ ಕಾಣುತ್ತೆ. ಕ್ವಿಂಟಾಲ್, ಹೆಕ್ಟೇರ್ ಬದಲು ಮೂಟೆ, ಎಕರೆ.

ಮಣ್ಣಿನ ವಿಷಯ ಸ್ವಲ್ಪ ಉದ್ದಕ್ಕೆ ಹೇಳಬೇಕು. ಸಭೆಯಲ್ಲಿ ಇಡೀ ಹೋಬಳಿಗೆ ಒಂದೇ ಮಣ್ಣು, "ಕೆಂಪು ಮರಳು ಮಿಶ್ರಿತ". ನನ್ನ ಆರು ಎಕರೆಯಲ್ಲೇ ಮೂರು ಥರ ಇದೆ. ಮೇಲಿನ ಎರಡು ಎಕರೆ ಒಂದೂವರೆ ಗೇಣಿಗೆ ಗರಸು. ನಡುವಿನದು ಮೊಣಕಾಲುದ್ದ ಮಣ್ಣು. ಕೆಳಗಿನ ಒಂದು ಎಕರೆ ಮೆಕ್ಕಲು ಕೂತು ಕಪ್ಪಗಿದೆ. ಮೇಲಿನ ಹೊಲ ಹತ್ತು ದಿನ ಮಳೆ ತಪ್ಪಿದರೆ ಮಧ್ಯಾಹ್ನಕ್ಕೇ ಎಲೆ ಮಡಚುತ್ತೆ. ಕೆಳಗಿನದು ಇಪ್ಪತ್ತು ದಿನ ತಡೆಯುತ್ತೆ. ಮಡಕೆ ಲೆಕ್ಕ ಮಾಡೋರು ಮಡಕೆ ಎಷ್ಟು ದೊಡ್ಡದು ಅಂತಲೇ ಕೇಳದಿದ್ದರೆ ಆ ಲೆಕ್ಕ ಯಾರ ಹೊಲದ್ದು? ಪ್ರಯೋಗಾಲಯ ಬೇಡ. ಗುದ್ದಲಿಯಲ್ಲಿ ಗುಂಡಿ ತೆಗೆದು ಗರಸು ಎಷ್ಟು ಆಳಕ್ಕೆ ಸಿಕ್ಕಿತು ಅಂತ ನಾನೇ ಹೇಳ್ತೀನಿ. ಅಷ್ಟು ಕೇಳೋ ಜಾಗ ಅದರಲ್ಲಿರಲಿ. ಮಳೆಯೂ ಹಾಗೇ. ಹೋಬಳಿ ಮಾಪಕ ನಮ್ಮೂರಿಗೆ ಒಂಬತ್ತು ಕಿಲೋಮೀಟರ್. ಅಲ್ಲಿ ಸುರಿದದ್ದು ಇಲ್ಲಿ ಸುರಿದಿರಲ್ಲ. ನನ್ನ ಡಬ್ಬದ ಮಳೆ ಹಾಕೋಕೆ ಬಿಡಬೇಕು.

ಕಾಣದ್ದನ್ನ ಕಾಣಲ್ಲ ಅಂತ ಹೇಳಿ

ಇದು ನನಗೆ ಎಲ್ಲಕ್ಕಿಂತ ಮುಖ್ಯ. ಪಿನಟ್‌ಗ್ರೋ ಲೆಕ್ಕದಲ್ಲಿ ಹುಳ ಇಲ್ಲ, ರೋಗ ಇಲ್ಲ. ಸುರುಳಿಪೂಚಿ ಇಲ್ಲ, ಕಂಬಳಿಹುಳ ಇಲ್ಲ, ಟಿಕ್ಕಾ ಇಲ್ಲ. ಕಳೆ ತೆಗೆಯೋ ಆಳು ಸಿಗದೇ ಹೋದದ್ದು ಇಲ್ಲ. ಕಾಡುಹಂದಿ ಇಲ್ಲವೇ ಇಲ್ಲ. ಅದು ಹೇಳೋದು ನೀರೊಂದೇ ಕೊರತೆಯಾಗಿದ್ದರೆ ಎಷ್ಟು ಬೆಳೀಬಹುದಿತ್ತು ಅಂತ. ಅದು ತಪ್ಪಲ್ಲ, ಮುಚ್ಚಿಡೋದು ತಪ್ಪು.

2000ನೇ ಇಸವಿಯ ಮುಂಗಾರು ನೆನಪಿರೋರು ನೆನಪಿಸಿಕೊಳ್ಳಿ. ಪಕ್ಕದ ಅನಂತಪುರ ಜಿಲ್ಲೆಯಲ್ಲಿ ಕಡಲೆಕಾಯಿಗೆ ಕುಡಿ ಮತ್ತು ಕಾಂಡ ಕಪ್ಪಾಗಿ ಸಾಯೋ ವೈರಸ್ ರೋಗ ಬಂದು ಸುಮಾರು 2.25 ಲಕ್ಷ ಹೆಕ್ಟೇರ್ ಹಾಳಾಯ್ತು. ಆಮೇಲೆ ವಿಜ್ಞಾನಿಗಳು ಪತ್ತೆ ಮಾಡಿದ್ದು ಏನು? ಬದುಗಳ ಮೇಲಿನ ಕಾಂಗ್ರೆಸ್ ಗಿಡದ ಹೂವಿನ ಪರಾಗದಲ್ಲಿ ಆ ವೈರಸ್ ಇರುತ್ತೆ, ಥ್ರಿಪ್ಸ್ ನುಸಿ ಅದನ್ನ ಕಡಲೆಕಾಯಿಗೆ ಸೇರಿಸುತ್ತೆ ಅಂತ. ಮಳೆ ಲೆಕ್ಕದ ಯಾವ ಯಂತ್ರದಲ್ಲೂ ಬದುವಿನ ಕಾಂಗ್ರೆಸ್ ಗಿಡಕ್ಕೆ ಜಾಗ ಇಲ್ಲ. ಇನ್ನೂ ನೂರು ಹೀಗೆ ಇರ್ತಾವೆ. ಅದಕ್ಕೇ ಪ್ರತಿ ಉತ್ತರದ ಪಕ್ಕದಲ್ಲಿ, ಅದೇ ಪರದೆ ಮೇಲೆ, ಅಷ್ಟೇ ದಪ್ಪ ಅಕ್ಷರದಲ್ಲಿ "ಇದರಲ್ಲಿ ರೋಗ, ಹುಳ, ಕಳೆ ಸೇರಿಲ್ಲ" ಅಂತ ಬರಬೇಕು. ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅಲ್ಲ. ಬೇಕಾದರೆ ನಾನೇ "ಸುರುಳಿಪೂಚಿ ಬಿತ್ತು, ಅರ್ಧ ಎಲೆ ಹೋಯ್ತು" ಅಂತ ಸೇರಿಸಿ ನೋಡೋ ದಾರಿ ಇರಲಿ.

ಮತ್ತೆ ಆ ಪಾಯಿಂಟ್ ನಾಲ್ಕು ತೆಗೀರಿ. "ಐದರಿಂದ ಎಂಟು" ಅಂದರೆ ನಂಬ್ತೀನಿ.

ಹಳೇ ವರ್ಷದ ಮಳೆಯನ್ನೇ ಮುಂದಕ್ಕೆ ಹಾಕೋದರಲ್ಲೂ ಒಂದು ಅನುಮಾನ ಇದೆ. ಎಂಬತ್ತರ ದಶಕದ ಮಳೆಯ ಥರ ಈಗ ಬರ್ತಾ ಇದೆಯಾ? ನನ್ನ ಪುಸ್ತಕದಲ್ಲಿ ಈಚೆಗೆ ಒಂದೇ ದಿನ ಸುರಿದು ಆಮೇಲೆ ಬಿಡೋದು ಹೆಚ್ಚು ಕಾಣುತ್ತೆ. ಒಬ್ಬನ ಹೊಲದ ಪುಸ್ತಕ, ಅದರಿಂದ ದೊಡ್ಡ ಮಾತು ಹೇಳಲ್ಲ. ಆದರೆ ಮೂವತ್ತು ವರ್ಷವನ್ನೂ ನೋಡೋದು, ಈಚಿನ ಹದಿನೈದನ್ನೇ ಬೇರೆ ನೋಡೋದು, ಎರಡೂ ಆಗಬೇಕು. ಎರಡೂ ಒಂದೇ ಮಾತು ಹೇಳಿದರೆ ಧೈರ್ಯ. ಬೇರೆಬೇರೆ ಹೇಳಿದರೆ ಹುಷಾರಾಗ್ತೀವಿ.

ಆಸ್ಟ್ರೇಲಿಯಾದವರು ಕಲಿತದ್ದು

ಅಣ್ಣನ ಮಗಳು ಓದಿ ಹೇಳಿದ ಇನ್ನೊಂದು ಕತೆ. ಆಸ್ಟ್ರೇಲಿಯಾದಲ್ಲಿ ಹತ್ತಿ ಬೆಳೆಗಾರರಿಗೆ ಯಾವಾಗ ಔಷಧಿ ಹೊಡೀಬೇಕು ಅಂತ ಹೇಳೋ ಸಿರಾಟ್ಯಾಕ್ ಅನ್ನೋ ಕಂಪ್ಯೂಟರ್ ವ್ಯವಸ್ಥೆ ಎಪ್ಪತ್ತರ ದಶಕದ ಕೊನೆಗೇ ಬಂದಿತ್ತು. ರೈತರು ಕೆಲವು ವರ್ಷ ಬಳಸಿದರು, ಆಮೇಲೆ ಬಿಟ್ಟರು. ಯಾಕೆ ಅಂದರೆ ಎಷ್ಟು ಹುಳ ಇದ್ದರೆ ಹೊಡೀಬೇಕು ಅನ್ನೋದು ಅವರಿಗೆ ಅಷ್ಟರಲ್ಲಿ ಬಾಯಿಪಾಠ ಆಗಿತ್ತು. ಮಾಡಿದವರಿಗೆ ಇದು ಸೋಲು ಅನ್ನಿಸಿರಬಹುದು. ನನಗೆ ಅನ್ನಿಸೋದು, ಅದಕ್ಕಿಂತ ದೊಡ್ಡ ಗೆಲುವು ಬೇಕಾ? ಕಲಿಸಿ ಕೆಲಸ ಮುಗಿಸಿದ ಮೇಷ್ಟರು ಮನೆಗೆ ಹೋಗ್ತಾರೆ.

ಆಮೇಲೆ ತೊಂಬತ್ತರ ದಶಕದಲ್ಲಿ ಎಪ್ಸಿಮ್ ಮಾಡಿದವರ ಒಂದು ತಂಡ ದಾರಿ ಬದಲಾಯಿಸಿತು. ಫಾರ್ಮ್‌ಸ್ಕೇಪ್ ಅಂತ ಅದರ ಹೆಸರು. ಮೊದಲು ರೈತರ ಹೊಲಕ್ಕೇ ಹೋಗಿ ಕೊಳವೆ ಇಳಿಸಿ ಮಣ್ಣು ತೆಗೆದು ಎಷ್ಟು ಆಳಕ್ಕೆ ಎಷ್ಟು ನೀರಿದೆ ಅಂತ ಅವರ ಕಣ್ಣೆದುರೇ ಅಳೆದರು. ರೈತರ ಸ್ವಂತ ಹಳೇ ಬೆಳೆಯನ್ನ ಕಂಪ್ಯೂಟರಿನಲ್ಲಿ ಬೆಳೆದು ತೋರಿಸಿ, ಸರಿ ಬಂತಾ ಅಂತ ಅವರನ್ನೇ ಕೇಳಿದರು. ನಂಬಿಕೆ ಬಂದ ಮೇಲೆ "ಹೀಗೆ ಮಾಡಿದ್ದರೆ?" ಅನ್ನೋ ಪ್ರಶ್ನೆಗಳನ್ನ ರೈತರೇ ಕೇಳೋಕೆ ಶುರು ಮಾಡಿದರು. ಆ ನಂತರ ವಿಕ್ಟೋರಿಯಾ ರಾಜ್ಯದ ಬರ್ಚಿಪ್ ಅನ್ನೋ ಊರಿನ ರೈತರ ಗುಂಪೇ ಮುಂದೆ ಬಂದು ವಿಜ್ಞಾನಿಗಳ ಜೊತೆ ಸೇರಿ ಯೀಲ್ಡ್ ಪ್ರಾಫೆಟ್ ಅಂತ ಒಂದು ಸೇವೆ ನಡೆಸಿತು.

ಅಂದರೆ ನಾನು ಸಭೆಯಲ್ಲಿ ಕೇಳಿದ ಪ್ರಶ್ನೆ, ನನ್ನ 2018 ಏನಾಯ್ತು ಹೇಳಿ ಅನ್ನೋದು, ಅಲ್ಲಿ ಮೊದಲನೇ ಹೆಜ್ಜೆ. ಇಲ್ಲಿ ನಗೋ ಮಾತು.

ಅವರ ಹೊಲ ಸಾವಿರಾರು ಎಕರೆ, ನಮ್ಮದು ಆರು. ಒಬ್ಬೊಬ್ಬನ ಹೊಲಕ್ಕೂ ಕೊಳವೆ ಇಳಿಸೋಕೆ ಆಗಲ್ಲ, ಒಪ್ಪಿದೆ. ಆದರೆ ಊರಿಗೆ ಮೂರು ಥರದ ಮಣ್ಣು ಅಂತ ಮೂರು ಹೊಲ ಆರಿಸಿ ಮಾಡಬಹುದಲ್ಲ. ಸಂಜೆ ಅರಳೀಕಟ್ಟೆ ಹತ್ತಿರ ಪರದೆ ಕಟ್ಟಿ ಹತ್ತು ಜನ ಕೂತು ಗುಂಡಿ ಒತ್ತಿ ನೋಡಬಹುದಲ್ಲ.

ಇನ್ನೊಂದು ಭಯ

ನಾವು ನಾಲ್ಕು ಜನ ಬಳಸೋದು ಬಿಡೋದು ಒಂದು ಕಡೆ ಇರಲಿ. ನಾಳೆ ಇಂಥ ತಂತ್ರಾಂಶದ ಉತ್ತರ ನೋಡಿ ಯಾವ ಬೀಜ ಎಷ್ಟು ತರಿಸಬೇಕು, ಯಾವಾಗ ಕೊಡಬೇಕು, ಯಾವ ಊರಿಗೆ ನಷ್ಟ ಆಗಿದೆ ಅಂತ ಮೇಲಿನವರು ತೀರ್ಮಾನ ಮಾಡಬಹುದು. ಆಗ "ಕಂಪ್ಯೂಟರ್ ಪ್ರಕಾರ ನಿಮ್ಮೂರಲ್ಲಿ ಬೆಳೆ ಆಗಿದೆ" ಅಂದರೆ ನಾನು ಒಣಗಿದ ಗಿಡ ಹಿಡಿದು ಯಾರ ಮುಂದೆ ನಿಲ್ಲಲಿ? ಅದಕ್ಕೇ ಒಳಗೆ ಏನು ಹಾಕಿದ್ದೀರಿ ಅನ್ನೋದು ತೆರೆದಿರಬೇಕು. ಯಾವ ಮಣ್ಣು ಅಂತ ಹಿಡಿದರು, ಯಾವ ಮಾಪಕದ ಮಳೆ, ಯಾವ ತಳಿ, ಎಲ್ಲಾ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಪಂಚಾಯ್ತಿ ಗೋಡೆಗೆ ಅಂಟಿಸಬೇಕು. ಡಿಎಸ್ಸಾಟ್‌ನ ಒಳಗಿನ ಬರಹವನ್ನೇ ಈಗ ಯಾರು ಬೇಕಾದರೂ ತೆರೆದು ನೋಡಬಹುದಂತೆ. ಅಮೆರಿಕದವರು ತೆರೆದಿಟ್ಟಿದ್ದನ್ನ ನಮ್ಮ ಹೋಬಳಿಗೆ ತರುವಾಗ ಬೀಗ ಹಾಕೋದು ಯಾಕೆ?

ನನ್ನ ಪುಸ್ತಕ, ಅವಳ ಲ್ಯಾಪ್‌ಟಾಪ್

ಈ ಮಾರ್ಚಿಯಲ್ಲಿ ಅಣ್ಣನ ಮಗಳು ಬಂದಾಗ, "ಚಿಕ್ಕಪ್ಪ, ನಿಮ್ಮ ಪುಸ್ತಕ ಕೊಡಿ, ನೋಡೇಬಿಡೋಣ" ಅಂದಳು. ಡಿಎಸ್ಸಾಟ್ ಪುಕ್ಕಟೆ ಸಿಗುತ್ತೆ. ಜೊತೆಯಲ್ಲಿ ಓದಿದ ಹುಡುಗನೊಬ್ಬನನ್ನ ಫೋನಿನಲ್ಲಿ ಕೇಳಿ ಕೇಳಿ ಹಾಕಿಕೊಂಡಳು. ನಾನು ಮೇಲಿನ ಹೊಲದಲ್ಲಿ ಗುಂಡಿ ತೆಗೆದು ಗರಸಿನ ಆಳ ಅಳೆದು ಕೊಟ್ಟೆ. ಪುಸ್ತಕದಲ್ಲಿ ಮಳೆ, ಬಿತ್ತಿದ ದಿನ, ಮೂಟೆ ಮೂರೂ ಪೂರ್ತಿ ಇದ್ದದ್ದು 17 ವರ್ಷ. ಮಿಕ್ಕವು ಮಗಳ ಮದುವೆ, ಅಮ್ಮನ ಕಾಯಿಲೆ ಅಂತ ನಡುನಡುವೆ ಬಿಟ್ಟುಹೋಗಿವೆ, ಒಂದಷ್ಟು ಪುಟ ಮಾಡು ಸೋರಿ ಒದ್ದೆಯಾಗಿ ಅಳಿಸಿವೆ.

ನಾಲ್ಕು ದಿನ ಕೂತಳು. 17ರಲ್ಲಿ 11 ವರ್ಷ ಸುಮಾರಾಗಿ ಹೊಂದಿತು. ಪೂರ್ತಿ ಅಲ್ಲ, ಒಳ್ಳೇ ವರ್ಷ ಒಳ್ಳೇದು ಅಂತ, ಕೆಟ್ಟದ್ದು ಕೆಟ್ಟದ್ದು ಅಂತ. ನನ್ನ 2018 ಬಂದಾಗ ಮೋಟು ಗೆರೆ ನಿಂತಿತು. ಒಂದು ಥರ ಸಮಾಧಾನ ಆಯ್ತು, ಯಾಕೋ ಗೊತ್ತಿಲ್ಲ. "ಈಗ ಇದೇ ವರ್ಷ ಭಾವನ ದಿನಕ್ಕೆ ಬಿತ್ತು ನೋಡಮ್ಮ" ಅಂದೆ. ಜುಲೈ 3 ಹಾಕಿದಳು. ಗೆರೆ ಎದ್ದಿತು, ಎಕರೆಗೆ ಮೂರು ಮೂಟೆಗಿಂತ ಸ್ವಲ್ಪ ಮೇಲೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡ್ತಾ ಇದ್ದಳು. ಏನೂ ಅನ್ನಲಿಲ್ಲ, ಒಳಗೆ ಹೋದಳು.

ಹೊಂದದ ಆರು ವರ್ಷದಲ್ಲಿ ನಾಲ್ಕರಲ್ಲಿ ಕಂಪ್ಯೂಟರ್ ಒಳ್ಳೇ ಬೆಳೆ ಅಂತು, ನನ್ನ ಪುಸ್ತಕದಲ್ಲಿ ಸುರುಳಿಪೂಚಿ, ಟಿಕ್ಕಾ ಅಂತ ಬರೆದಿದೆ. ಇನ್ನೆರಡು ಯಾಕೆ ತಪ್ಪಿತು ಅಂತ ಅವಳಿಗೂ ಗೊತ್ತಾಗಲಿಲ್ಲ. "ಗೊತ್ತಾಗಲಿಲ್ಲ ಚಿಕ್ಕಪ್ಪ" ಅಂತಲೇ ಹೇಳಿದಳು. ಆ ಮಾತು ಕೇಳಿ ಮಿಕ್ಕ ಹನ್ನೊಂದರ ಮೇಲೆ ನನಗೆ ನಂಬಿಕೆ ಹೆಚ್ಚಾಯ್ತು.

ಈ ಸಲ ಆರಿದ್ರೆ ಹದವಾಗಿ ಬಂದರೆ ಕೆಳಗಿನ ಕಪ್ಪು ಎಕರೆ, ನಡುವಿನದರಲ್ಲಿ ಒಂದು ಎಕರೆ ಬಿತ್ತೋದು. ಮಿಕ್ಕದ್ದು ಪುಷ್ಯಕ್ಕೆ ಕಾಯೋದು. ಆಶ್ಲೇಷ ಅರ್ಧ ಕಳೆದರೆ ಮೇಲಿನ ಗರಸು ಹೊಲಕ್ಕೆ ಕಡಲೆಕಾಯಿ ಹಾಕಲ್ಲ, ಹುರುಳಿ ಎರಚೋದು. ಭಾವನ ಹತ್ತಿರವೂ ಕೂತು ಮಾತಾಡಿದ್ದೀನಿ. ಅವರ ಹೊಲದಲ್ಲೂ ಗುಂಡಿ ತೆಗೆದಿದ್ದೀವಿ. ಅವರದು ಎರಡು ಗೇಣು.

ಖುಷ್ಕಿ ರೈತರಲ್ಲಿ ಯಾರ ಮನೇಲಾದರೂ ಹೀಗೆ ಮಳೆ, ಬಿತ್ತನೆ, ಇಳುವರಿ ಬರೆದಿಟ್ಟ ಹಳೇ ಪುಸ್ತಕ ಇದ್ದರೆ ರದ್ದಿಗೆ ಹಾಕಬೇಡಿ. ಐದು ವರ್ಷದ್ದಿದ್ದರೂ ಸರಿ. ಪತ್ರಿಕೆಗೆ ಒಂದು ಕಾರ್ಡು ಬರೆದು ತಿಳಿಸಿ.